ಹಳೇ ಲೆನ್ಸು, ದೂರದ ಹಕ್ಕಿ

ಟೆಕ್ಸಾಸ್‌ಗೆ ಓದಲು ಬಂದ ನಮ್ಮಂಥವರಿಗೆ 400 ಎಂಎಂನ ಹೊಸ ಲೆನ್ಸು ಕೈಗೆಟುಕುವ ಮಾತಲ್ಲ. ಆದರೆ ಫಿಲ್ಮ್ ಕಾಲದ, ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುವ ಲೆನ್ಸು ಕೆಲವು ನೂರು ಡಾಲರಿಗೆ ಸಿಗುತ್ತೆ. ನಾವು ನಾಲ್ಕು ಜನ ದುಡ್ಡು ಸೇರಿಸಿ ಕೊಂಡೆವು. ಮೊದಲನೆಯದು ದಂಡವಾಯಿತು, ಎರಡನೆಯದು ಇವತ್ತಿಗೂ ಕೆಲಸ ಮಾಡುತ್ತಿದೆ. ಕೊಳ್ಳಬೇಕೆನ್ನುವವರಿಗೆ ನಾವು ಕಲಿತದ್ದಿಷ್ಟು.

ಮೊದಲು ಮೌಂಟ್ ನೋಡಿ. ಕ್ಯಾನನ್ 1987ರಲ್ಲಿ ಎಫ್‌ಡಿ ಮೌಂಟ್ ಬಿಟ್ಟು ಇಎಫ್‌ಗೆ ಹೋಯಿತು. ಎಫ್‌ಡಿ ಲೆನ್ಸನ್ನು ಗಾಜಿಲ್ಲದ ಅಡಾಪ್ಟರ್ ಹಾಕಿ ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಕೂರಿಸಿದರೆ ದೂರದ್ದು ಫೋಕಸ್ ಆಗುವುದೇ ಇಲ್ಲ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಮೌಂಟಿಗೂ ಸೆನ್ಸರಿಗೂ ಅಂತರ ಕಡಿಮೆ. ಅಗ್ಗದ ಅಡಾಪ್ಟರೇ ಸಾಕು.

ಆಮೇಲೆ ಟಾರ್ಚ್. ಲೆನ್ಸಿನ ಒಂದು ತುದಿಯಿಂದ ಬೆಳಕು ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ನಮ್ಮ ಮೊದಲ ಲೆನ್ಸಿನಲ್ಲಿ ಇದ್ದದ್ದು ಇದೇ. ಫೋಟೊ ನೋಡಿ ತರಿಸಿದ್ದೆವು, ವಾಪಸ್ ಕೊಡುವ ಹಾಗಿರಲಿಲ್ಲ. ನಾಲ್ಕು ಕಣ ದೂಳಿದ್ದರೆ ಚಿಂತೆಯಿಲ್ಲ. ಫೋಕಸ್ ರಿಂಗ್ ಬಿಗಿಯಾಗಿದ್ದರೆ ಸಾಮಾನ್ಯವಾಗಿ ಒಳಗಿನ ಗ್ರೀಸ್ ಒಣಗಿದೆ ಅಂತ ಅರ್ಥ. ಹ್ಯೂಸ್ಟನ್‌ನ ತೇವದ ಗಾಳಿಗೆ ಒಳ್ಳೆಯ ಲೆನ್ಸಿಗೂ ಫಂಗಸ್ ಹಿಡಿಯಬಹುದು. ಸಿಲಿಕಾ ಜೆಲ್ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಇನ್ನು ಬಳಸುವುದು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 400 ಎಂಎಂ, ಎಫ್ 5.6 ಇಟ್ಟು 10 ಮೀಟರ್ ದೂರದ ಹಕ್ಕಿಗೆ ಫೋಕಸ್ ಮಾಡಿದರೆ, ಸ್ಪಷ್ಟವಾಗಿ ಬರುವ ಜಾಗ ಹಿಂದೆ ಮುಂದೆ ಸೇರಿ ಸುಮಾರು 20 ಸೆಂ.ಮೀ. ಒಂದು ಗೇಣೂ ಇಲ್ಲ! ಅದಕ್ಕೇ ಟ್ರೈಪಾಡ್ ಬೇಕು. ತೆರೆಯ ಮೇಲೆ ಚಿತ್ರ ದೊಡ್ಡದು ಮಾಡಿಕೊಂಡು ಹಕ್ಕಿಯ ಕಣ್ಣಿಗೇ ಫೋಕಸ್ ಮಾಡಬೇಕು. ಹಾರುವ ಹಕ್ಕಿಯ ಹಿಂದೆ ಬೀಳಬೇಡಿ. ಅದು ಬಂದು ಕೂರುವ ಕೊಂಬೆಗೆ ಫೋಕಸ್ ಇಟ್ಟು ಕಾಯಿರಿ. ರಿಂಗನ್ನು ಕೊನೆಯವರೆಗೆ ತಿರುಗಿಸಿ 'ಇನ್ಫಿನಿಟಿ ಬಂತು' ಅಂದುಕೊಳ್ಳಬೇಡಿ. ಬಿಸಿಲಿಗೆ ಫೋಕಸ್ ಜರುಗುತ್ತದೆಂದೇ ಹಲವು ಹಳೇ ಟೆಲಿ ಲೆನ್ಸುಗಳು ಆ ಗುರುತಿನ ಆಚೆಗೂ ತಿರುಗುತ್ತವೆ.

ಅಭ್ಯಾಸಕ್ಕೆ ಡಾಲಸ್‌ನ ವೈಟ್ ರಾಕ್ ಲೇಕ್ ಒಳ್ಳೇದು. ಚಳಿಗಾಲಕ್ಕೆ ಬರುವ ಬಿಳಿ ಹೆಜ್ಜಾರ್ಲೆಗಳು ಅಲ್ಲಿ ನಿಧಾನಕ್ಕೆ ತೇಲುತ್ತಿರುತ್ತವೆ. ಆಸ್ಟಿನ್‌ನ ಕಾಂಗ್ರೆಸ್ ಅವೆನ್ಯೂ ಸೇತುವೆಯ ಬಾವಲಿಗಳಿಗೆ ಮಾತ್ರ ಈ ಲೆನ್ಸು ಒಯ್ಯಬೇಡಿ. ಅವು ಹೊರಡುವುದು ಮುಸ್ಸಂಜೆಗೆ, ಆ ಬೆಳಕು ಎಫ್ 5.6ಕ್ಕೆ ಸಾಲದು.

ಕೈ ಪಳಗಿದ ಮೇಲೆ, ವಸಂತದಲ್ಲಿ, ಹ್ಯೂಸ್ಟನ್‌ನಿಂದ ಪೂರ್ವಕ್ಕಿರುವ ಹೈ ಐಲ್ಯಾಂಡ್‌ಗೆ ಹೋಗಿ. ರಂಗನತಿಟ್ಟಿನಲ್ಲಿ ಬಿಳಿ ಚಮಚಕೊಕ್ಕು ನೋಡಿದವರಿಗೆ ಅಲ್ಲಿನ ಸ್ಮಿತ್ ಓಕ್ಸ್‌ನಲ್ಲಿ ಅದರ ಗುಲಾಬಿ ಬಣ್ಣದ ನೆಂಟ ಗೂಡು ಕಟ್ಟುವುದು ಕಾಣುತ್ತೆ. ನಾವು ತೆಗೆದ 120 ಫೋಟೊಗಳಲ್ಲಿ ಕಣ್ಣು ಸ್ಪಷ್ಟವಾಗಿ ಬಂದದ್ದು ಬರೀ 7. ಆ ಏಳನ್ನೂ ಊರಿಗೆ ಕಳಿಸಿದೆವು.