ಅರವತ್ತೊಂದನೆಯ ಸಲ

ಟೆನಿಸ್ ಆಟಗಾರ ರೋಹನ್ ಬೋಪಣ್ಣ ಪುರುಷರ ಡಬಲ್ಸ್‌ನಲ್ಲಿ ತಮ್ಮ ಮೊದಲ ಗ್ರ್ಯಾನ್‌ಸ್ಲಾಂ ಟ್ರೋಫಿ ಎತ್ತಿದ್ದು 61ನೆಯ ಪ್ರಯತ್ನದಲ್ಲಿ. 2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ಅವರೂ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಅವರೂ ಸೇರಿ ಇಟಲಿಯ ಬೊಲೆಲ್ಲಿ–ವವಸ್ಸೋರಿ ಜೋಡಿಯನ್ನು 7-6, 7-5ರಿಂದ ಮಣಿಸಿದರು. ಮೊದಲ ಸೆಟ್‌ನ ಟೈಬ್ರೇಕ್‌ನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡಲಿಲ್ಲ: 7-0. ಅಲ್ಲಿಗೆ ಬರುವ ಮುನ್ನ 60 ಸಲ ಟ್ರೋಫಿ ಇಲ್ಲದೆ ಗಂಟುಮೂಟೆ ಕಟ್ಟಿದ್ದರು.

ಆಗ ಅವರಿಗೆ 43 ತುಂಬಿ, 44ಕ್ಕೆ ಕೆಲವೇ ವಾರ ಬಾಕಿ. 1968ರಲ್ಲಿ ಓಪನ್ ಯುಗ ಶುರುವಾದ ಮೇಲೆ ಪುರುಷರ ಡಬಲ್ಸ್‌ನಲ್ಲಿ ಈ ವಯಸ್ಸಿಗೆ ಗ್ರ್ಯಾನ್‌ಸ್ಲಾಂ ಗೆದ್ದವರು ಬೇರೆ ಯಾರೂ ಇಲ್ಲ. ಹಿಂದಿನ ದಾಖಲೆ 40ರಲ್ಲಿ ಗೆದ್ದ ನೆದರ್ಲೆಂಡ್ಸ್‌ನ ಜೀನ್-ಜೂಲಿಯನ್ ರೋಜರ್ ಅವರದು. ಎರಡು ದಿನ ಕಳೆದು, ಸೋಮವಾರ ಹೊರಬಿದ್ದ ಡಬಲ್ಸ್ ರ‍್ಯಾಂಕಿಂಗ್ ಪಟ್ಟಿಯಲ್ಲಿ ಬೋಪಣ್ಣ ವಿಶ್ವದ ನಂ. 1. ಅದುವರೆಗೆ ಮೊದಲ ಸಲ ಆ ಸ್ಥಾನ ಹಿಡಿದವರಲ್ಲಿ ಅತಿ ಹಿರಿಯ ಅಮೆರಿಕದ ರಾಜೀವ್ ರಾಮ್. ಅವರಿಗೆ ಆಗ 38.

ಇದನ್ನು ಇನ್ನೊಂದು ಅಳತೆಯಲ್ಲಿ ನೋಡಬಹುದು. ರೋಜರ್ ಫೆಡರರ್ ಬೋಪಣ್ಣನವರಿಗಿಂತ 17 ತಿಂಗಳು ಚಿಕ್ಕವರು. ಬೋಪಣ್ಣ ಮೆಲ್ಬರ್ನ್‌ನಲ್ಲಿ ಗೆಲ್ಲುವ ಹೊತ್ತಿಗೆ ಫೆಡರರ್ ನಿವೃತ್ತರಾಗಿ 16 ತಿಂಗಳಾಗಿತ್ತು. ಬೋಪಣ್ಣ ವೃತ್ತಿಪರರಾದ 2003ರಲ್ಲಿ ಹುಟ್ಟಿದ ಕಾರ್ಲೋಸ್ ಅಲ್ಕರಾಜ್, ಅಷ್ಟರಲ್ಲಾಗಲೇ ಎರಡು ಗ್ರ್ಯಾನ್‌ಸ್ಲಾಂ ಸಿಂಗಲ್ಸ್ ಗೆದ್ದಿದ್ದರು.

ಹಾಗಾದರೆ ಆ 60 ಸಲ ಆಗಿದ್ದೇನು? ದುರದೃಷ್ಟ ಅಂದುಬಿಡುವುದು ಸುಲಭ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಗ್ರ್ಯಾನ್‌ಸ್ಲಾಂ ಡಬಲ್ಸ್‌ನಲ್ಲಿ 64 ಜೋಡಿಗಳು. ಟ್ರೋಫಿಗೆ ಸತತ 6 ಪಂದ್ಯ ಗೆಲ್ಲಬೇಕು. ನೂರಕ್ಕೆ 55 ಪಂದ್ಯ ಗೆಲ್ಲುವ ಗಟ್ಟಿ ಜೋಡಿಯೊಂದನ್ನು ಊಹಿಸಿಕೊಳ್ಳಿ. 0.55ನ್ನು ಆರು ಸಲ ಗುಣಿಸಿದರೆ ಸಿಗುವುದು ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ಅಂದರೆ ಸರಾಸರಿ 36 ಟೂರ್ನಿಗೆ ಒಂದು ಟ್ರೋಫಿ. ವರ್ಷಕ್ಕೆ ನಾಲ್ಕೇ ಗ್ರ್ಯಾನ್‌ಸ್ಲಾಂ, ಹಾಗಾಗಿ ಒಂಬತ್ತು ವರ್ಷಕ್ಕೊಂದು. ಇಂಥ ಐದಾರು ಆಟಗಾರರಲ್ಲಿ ಸರಾಸರಿ ಒಬ್ಬರು 60 ಸಲವೂ ಬರಿಗೈಲೇ ಇರುತ್ತಾರೆ. ಅಚ್ಚರಿಪಡಬೇಕಾದ್ದು ಆ 60 ಸೋಲುಗಳಿಗಲ್ಲ. 61ನೆಯದಕ್ಕೂ ಹೆಸರು ಕೊಟ್ಟರಲ್ಲ, ಅದಕ್ಕೆ.

ಡಬಲ್ಸ್‌ನಲ್ಲಿ ಸೋಲು–ಗೆಲುವಿನ ಅಂತರ ಎಷ್ಟು ಕಿರಿದು ಅನ್ನುವುದು ನೆಟ್ ಹತ್ತಿರ ಹೋದರೆ ಗೊತ್ತಾಗುತ್ತದೆ. ಅಂಕಣದ ಅಗಲ ಸಿಂಗಲ್ಸ್‌ಗೆ 27 ಅಡಿ, ಡಬಲ್ಸ್‌ಗೆ 36. ಅಂದರೆ ಆಟಗಾರರು ಎರಡು ಪಟ್ಟು, ಜಾಗ ಹೆಚ್ಚಿದ್ದು ಮೂರನೇ ಒಂದು ಪಾಲು. ನೆಟ್‌ನ ಎರಡೂ ಬದಿ ತಲಾ ಸುಮಾರು ಮೂರು ಮೀಟರ್ ದೂರದಲ್ಲಿ ಎದುರುಬದುರು ನಿಂತವರ ನಡುವೆ ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಾರಿದರೆ, ಮುಟ್ಟಲು ಬೇಕಾಗುವುದು ಸೆಕೆಂಡಿನ ಐದನೇ ಒಂದು ಭಾಗ. ಕಣ್ಣು ಕಂಡಿದ್ದಕ್ಕೆ ಕೈ ಅಲುಗಲು ಮನುಷ್ಯನಿಗೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ ಸಮಯ. ನೋಡಿ ಹೊಡೆಯುತ್ತೇನೆ ಅಂದರೆ ಚೆಂಡು ದಾಟಿ ಹೋಗಿರುತ್ತದೆ. ಅದಕ್ಕೇ ನೆಟ್‌ನಲ್ಲಿ ಬಾಗಿ ನಿಂತವರು ಬೆನ್ನ ಹಿಂದೆ ಬೆರಳು ಮಡಚಿ, ಬಿಚ್ಚಿ, ಸರ್ವ್ ಮಾಡುವ ಜೊತೆಗಾರನಿಗೆ ಮೊದಲೇ ಸನ್ನೆ ಕೊಡುತ್ತಾರೆ: ನಾನು ಅಡ್ಡ ನುಗ್ಗುತ್ತೇನೆ, ಅಥವಾ ಇಲ್ಲೇ ಇರುತ್ತೇನೆ.

ನಿಯಮಗಳೂ ಉಸಿರಾಡಲು ಬಿಡುವುದಿಲ್ಲ. ಎಟಿಪಿ ಟೂರ್‌ನ ಡಬಲ್ಸ್‌ನಲ್ಲಿ 40-40 ಆದರೆ ಮುಂದಿನ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಯುತ್ತದೆ. ತಲಾ ಒಂದು ಸೆಟ್ ಆದರೆ ಮೂರನೆಯದು ಪೂರ್ತಿ ಸೆಟ್ಟಲ್ಲ, 10 ಪಾಯಿಂಟ್‌ಗಳ ಟೈಬ್ರೇಕ್. 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಫೈನಲ್ ತೀರ್ಮಾನವಾಗಿದ್ದೂ ಅಂಥದ್ದೇ ಟೈಬ್ರೇಕ್‌ನಲ್ಲಿ. ಬೋಪಣ್ಣ ಮತ್ತು ಕೆನಡಾದ ಗೇಬ್ರಿಯೆಲಾ ಡಾಬ್ರೊವ್‌ಸ್ಕಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 12-10ರಿಂದ ಗೆದ್ದರು. ಆ ಎರಡರಲ್ಲಿ ಒಂದು ಕೈತಪ್ಪಿದ್ದರೂ, ಗ್ರ್ಯಾನ್‌ಸ್ಲಾಂ ಗೆದ್ದ ನಾಲ್ಕನೆಯ ಭಾರತೀಯ ಎಂಬ ಹೆಸರು ಅಂದು ಅವರದಾಗುತ್ತಿರಲಿಲ್ಲ.

ಇಷ್ಟೆಲ್ಲ ನಡೆದದ್ದು ಸವೆದ ಮೊಣಕಾಲುಗಳ ಮೇಲೆ. ಕೊಡಗಿನ ಕಾಫಿ ಬೆಳೆಗಾರರ ಮನೆಯ ಹುಡುಗ 11ನೆಯ ವಯಸ್ಸಿಗೆ ಟೆನಿಸ್ ಶುರುಮಾಡಿದ. ಸಿಂಗಲ್ಸ್‌ನಲ್ಲಿ 213ನೆಯ ರ‍್ಯಾಂಕ್‌ಗಿಂತ ಮೇಲೇರಲಾಗಲಿಲ್ಲ. ಹೋಗುತ್ತ ಹೋಗುತ್ತ ಮೊಣಕಾಲಿನ ಕಾರ್ಟಿಲೇಜ್ ಸವೆದು, ದಿನಕ್ಕೆ ಎರಡು–ಮೂರು ನೋವಿನ ಮಾತ್ರೆ ನುಂಗಿ ಆಡುವ ಸ್ಥಿತಿ ಬಂತು. ಕೋವಿಡ್ ಸಮಯದಲ್ಲಿ ಬೆಂಗಳೂರಿನಲ್ಲಿ ಅಯ್ಯಂಗಾರ್ ಯೋಗಕ್ಕೆ ಸೇರಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ರೂಪಿಸಿದ ಆ ಪದ್ಧತಿಯಿಂದಲೇ ಮಾತ್ರೆ ಬಿಟ್ಟು ಆಡುವಂತಾಯಿತು ಎಂದು ಬೋಪಣ್ಣ ಹಲವು ಸಲ ಹೇಳಿದ್ದಾರೆ.

ದುಡ್ಡಿನ ಲೆಕ್ಕವೂ ಕಣ್ಣರಳಿಸುವಂಥದ್ದೇ. ಮೆಲ್ಬರ್ನ್‌ನಲ್ಲಿ 2024ರಲ್ಲಿ ಸಿಂಗಲ್ಸ್ ಚಾಂಪಿಯನ್‌ಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್. ಡಬಲ್ಸ್ ಚಾಂಪಿಯನ್ ಜೋಡಿಗೆ 7.3 ಲಕ್ಷ, ಹಂಚಿಕೊಂಡರೆ ತಲಾ 3.65 ಲಕ್ಷ. ಸಿಂಗಲ್ಸ್‌ನ ನಾಲ್ಕನೇ ಸುತ್ತಿನಲ್ಲಿ ಸೋತವರಿಗೆ ಸಿಕ್ಕಿದ್ದು 3.75 ಲಕ್ಷ. ಆರಕ್ಕೆ ಆರು ಪಂದ್ಯ ಗೆದ್ದ ವಿಶ್ವದ ನಂಬರ್ ಒನ್‌ಗಿಂತ, ಮೂರು ಗೆದ್ದು ಒಂದು ಸೋತವರ ಜೇಬಿಗೆ 10 ಸಾವಿರ ಡಾಲರ್ ಹೆಚ್ಚು!

ಇನ್ನೊಂದು ಅಂತರ ವರ್ಷಗಳದ್ದು. 2010ರ ಅಮೆರಿಕ ಓಪನ್ ಫೈನಲ್‌ನಲ್ಲಿ ಬೋಪಣ್ಣ, ಪಾಕಿಸ್ತಾನದ ಐಸಾಮ್-ಉಲ್-ಹಕ್ ಖುರೇಷಿ ಜೊತೆಗೂಡಿ ಬ್ರಯಾನ್ ಸಹೋದರರಿಗೆ ಸೋತದ್ದು 7-6, 7-6ರಿಂದ. ಎರಡೂ ಸೆಟ್ ಟೈಬ್ರೇಕ್‌ನಲ್ಲಿ ಹೋದವು. ಪುರುಷರ ಡಬಲ್ಸ್‌ನಲ್ಲಿ ಅವರ ಮುಂದಿನ ಗ್ರ್ಯಾನ್‌ಸ್ಲಾಂ ಫೈನಲ್ ಬಂದದ್ದು 13 ವರ್ಷಗಳ ನಂತರ, ಅದೇ ನ್ಯೂಯಾರ್ಕ್‌ನಲ್ಲಿ. ಅದನ್ನೂ ಸೋತರು. ಮೆಲ್ಬರ್ನ್ ಗೆಲುವು ಅದಾಗಿ ಐದೇ ತಿಂಗಳಿಗೆ ಬಂತು.

2023ರ ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಫೈನಲ್‌ನ ನಿರ್ಣಾಯಕ ಟೈಬ್ರೇಕನ್ನು 10-8ರಿಂದ ಗೆದ್ದು, ಮಾಸ್ಟರ್ಸ್ 1000 ಗೆದ್ದ ಅತಿ ಹಿರಿಯ ಆಟಗಾರ ಎನಿಸಿಕೊಂಡಿದ್ದರು. 2025ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಮಾಸ್ಟರ್ಸ್‌ನ ಮೊದಲ ಸುತ್ತಿನಲ್ಲಿ, ಕೊನೆಯ ಟೈಬ್ರೇಕನ್ನು ಅದೇ 10-8ರಿಂದ ಸೋತರು. ನವೆಂಬರ್ 1ರಂದು, 45ರ ವಯಸ್ಸಿನಲ್ಲಿ, ನಿವೃತ್ತಿ ಘೋಷಿಸಿದರು. ದಾಖಲೆ ಕೊಟ್ಟದ್ದೂ ಎರಡು ಪಾಯಿಂಟ್, ಮನೆಗೆ ಕಳಿಸಿದ್ದೂ ಎರಡು ಪಾಯಿಂಟ್. ಅಷ್ಟು ಕಿರಿದಾದ ಅಂತರವನ್ನೇ ನಂಬಿಕೊಂಡು ಒಬ್ಬ ಮನುಷ್ಯ 20 ವರ್ಷಕ್ಕೂ ಮಿಕ್ಕಿ ಬದುಕು ನಡೆಸಿದ.