ಬೆಂಕಿ ಹಚ್ಚಿದರೆ ತಣ್ಣಗಾಗುವ ಪೆಟ್ಟಿಗೆ

ಜನವರಿಯ ಬೆಳಗು. ಬಿಸಿಲಿಗೆ ಬೆನ್ನೊಡ್ಡಿದರೆ ಹಿತ, ನೆರಳಿಗೆ ಸರಿದರೆ ಸ್ವೆಟರ್ ಬೇಕು. ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮದ ಅಂಚಿನಲ್ಲಿರುವ ಕ್ವಾರ್ಟ್ಸೈಟ್ ಎಂಬ ಸಣ್ಣ ಊರಿನ ಹೊರಗೆ, ಕಣ್ಣು ಹಾಯುವಷ್ಟು ದೂರವೂ ಕಂದು ಜಲ್ಲಿನೆಲ, ಅಲ್ಲಲ್ಲಿ ಕ್ರಿಯೋಸೋಟ್ ಪೊದೆ, ಅಪರೂಪಕ್ಕೊಂದು ಸಗ್ವಾರೊ ಕಳ್ಳಿ, ಅದರಾಚೆ ಡೋಮ್ ರಾಕ್ ಬೆಟ್ಟಗಳ ಬೋಳು ಸಾಲು. ಈ ಬಯಲಿನ ತುಂಬ ಬಿಳಿಬಿಳಿ ಟ್ರೈಲರ್‌ಗಳು. ಕಾರಿನ, ಪಿಕಪ್ಪಿನ ಬೆನ್ನಿಗೆ ಕಟ್ಟಿ ಎಳೆದು ತಂದ ಗಾಲಿಮನೆಗಳು. ಮಿನ್ನೆಸೋಟ, ಡಕೋಟ, ಕೆನಡಾದ ಹಿಮಕ್ಕೆ ಬೆನ್ನು ಹಾಕಿ ಬಂದ ನಿವೃತ್ತ ಗಂಡಹೆಂಡಿರು ಮಡಚು ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದಾರೆ. ಎಲ್ಲೋ ಹಂದಿಮಾಂಸ ಹುರಿಯುವ ವಾಸನೆ, ಎಲ್ಲೋ ಜನರೇಟರಿನ ಗುರುಗುಟ್ಟು, ಮೇಲೆ ಸೌರಫಲಕಗಳ ಹೊಳಪು. ಲಾ ಪೋಸಾ ಎಂಬ ಈ ಸರಕಾರಿ ಜಮೀನಿನಲ್ಲಿ ಪರವಾನಗಿ ಪಡೆದು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಬೀಡುಬಿಡಬಹುದು. ಆದರೆ ಟ್ರೈಲರಿನ ಪಕ್ಕಕ್ಕೆ ಕರೆಂಟು ಕಂಬ ಬರುವುದಿಲ್ಲ. ಊರಿನ ಸ್ಮಶಾನದಲ್ಲಿ, 19ನೇ ಶತಮಾನದಲ್ಲಿ ಅಮೆರಿಕದ ಸೈನ್ಯಕ್ಕೆ ಒಂಟೆ ನಡೆಸಲು ಬಂದ ಹಾಜಿ ಅಲಿಯ ಸಮಾಧಿಯಿದೆ. ನೆತ್ತಿಯ ಮೇಲೊಂದು ಲೋಹದ ಒಂಟೆ. ಆ ಪ್ರಾಣಿಗೆ ಫ್ರಿಜ್ಜಿನ ಹಂಗಿರಲಿಲ್ಲ. ಇಲ್ಲಿನವರಿಗಿದೆ, ಅದಕ್ಕೇ ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಫ್ರಿಜ್ಜು.

ಬನ್ನಿ, ಆ ಹಸಿರು ಗೆರೆಯ ಟ್ರೈಲರಿನ ಹಿಂದಕ್ಕೆ ಹೋಗೋಣ. ಅಲ್ಲೊಬ್ಬ ಮೆಕ್ಯಾನಿಕ್ ಜಲ್ಲಿಯ ಮೇಲೆ ಹಳೆಯ ಚಾಪೆ ಹಾಸಿ ಮೊಣಕಾಲೂರಿದ್ದಾನೆ. ಬಿಳಿ ಗಡ್ಡ, ಎದೆಜೇಬಿನಲ್ಲಿ ಟಾರ್ಚು. ಬೀಡಿನಿಂದ ಬೀಡಿಗೆ ವ್ಯಾನಿನಲ್ಲಿ ತಿರುಗುತ್ತ ರಿಪೇರಿ ಮಾಡುವುದು ಇವನ ಕಸುಬು. ಮನೆಯೊಡತಿ ಬಾಗಿಲಲ್ಲಿ ನಿಂತು ದೂರು ಒಪ್ಪಿಸುತ್ತಿದ್ದಾಳೆ: ಹಾಲು ಒಡೆಯಿತು, ಬೆಣ್ಣೆ ನೀರಾಯಿತು, ಐಸಿನ ತಟ್ಟೆಯಲ್ಲಿ ಬರೀ ನೀರು. ಅವನು ತಕ್ಷಣ ಏನನ್ನೂ ಬಿಚ್ಚುವುದಿಲ್ಲ. ಒಳಗೆ ಹೋಗಿ ಫ್ರೀಜರಿನ ನೆಲದ ಮೇಲೊಂದು ಪುಟ್ಟ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೂ ಕಾಯುತ್ತಾನೆ. ವಾಲಿಲ್ಲ. ಆಮೇಲೆ ಬಾಗಿಲಿಗೊಂದು ಡಾಲರ್ ನೋಟು ಸಿಕ್ಕಿಸಿ ಎಳೆಯುತ್ತಾನೆ. ಬಿಗಿಯಾಗಿ ಬರುತ್ತದೆ, ಅಂದರೆ ರಬ್ಬರ್ ಅಂಚು ಸರಿಯಿದೆ. ಫ್ರಿಜ್ಜಿನ ಫಲಕದ ಮೇಲಿನ ಪುಟ್ಟ ದೀಪ ಉರಿಯುತ್ತಿದೆ. ಗ್ಯಾಸಿನ ಮೇಲೆ ನಡೆಯುವಾಗಲೂ ಇದರ ನಿಯಂತ್ರಣ ಫಲಕಕ್ಕೆ 12 ವೋಲ್ಟಿನ ಬ್ಯಾಟರಿ ಬೇಕು. ಬ್ಯಾಟರಿ ಸೊರಗಿದರೆ ಸಿಲಿಂಡರ್ ತುಂಬಿದ್ದರೂ ಕಿಡಿ ಹಾರದು.

ಸಮತಟ್ಟಿಗೆ ಇಷ್ಟೊಂದು ಮರ್ಯಾದೆ ಯಾಕೆಂದರೆ ಈ ಫ್ರಿಜ್ಜಿನೊಳಗೆ ತಿರುಗುವ ಭಾಗ ಒಂದೂ ಇಲ್ಲ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಗೊರ್ ಎನ್ನುವ ಕಂಪ್ರೆಸರ್ ಇಲ್ಲಿಲ್ಲ. ಅದರ ಕೆಲಸವನ್ನು ಒಂದು ಸಣ್ಣ ಜ್ವಾಲೆ ಮಾಡುತ್ತದೆ. ಹಿಂಬದಿಯಲ್ಲಿ ಬೆಸೆದು ಮುಚ್ಚಿದ ಉಕ್ಕಿನ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಶಾಶ್ವತವಾಗಿ ಸೆರೆಯಾಗಿರುತ್ತವೆ. ಬುಡದಲ್ಲಿ ಬೆಂಕಿ ಬಿದ್ದೊಡನೆ, ಕುದಿಯುವ ಸಾರಿನ ಗುಳ್ಳೆಗಳು ಬೇಳೆಯನ್ನು ಮೇಲೆತ್ತುವ ಹಾಗೆ, ಅಮೋನಿಯಾದ ಗುಳ್ಳೆಗಳು ದ್ರಾವಣವನ್ನು ಸಣ್ಣ ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತವೆ. ನೀರು ಹಿಂದುಳಿಯುತ್ತದೆ, ಅಮೋನಿಯಾ ಆವಿ ನೆತ್ತಿಗೇರಿ ತಗಡಿನ ರೆಕ್ಕೆಗಳ ನಡುವೆ ತಣಿದು ದ್ರವವಾಗುತ್ತದೆ. ಆ ದ್ರವ ಒಳಗಿನ ಸುರುಳಿಯಲ್ಲಿ ಹೈಡ್ರೋಜನ್ನಿನ ಸಹವಾಸಕ್ಕೆ ಬಿದ್ದಾಗ ಮತ್ತೆ ಆವಿಯಾಗಿ, ಹಾಲಿನ, ತರಕಾರಿಯ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಕೆಳಗೆ ಕಾದುನಿಂತ ನೀರು ಅದನ್ನು ಮತ್ತೆ ಕುಡಿದು ಬುಡಕ್ಕೆ ಹರಿಯುತ್ತದೆ. ಇಡೀ ಪ್ರಯಾಣಕ್ಕೆ ಬೇಕಾದದ್ದು ಬೆಂಕಿ ಮತ್ತು ಇಳಿಜಾರು. ಟ್ರೈಲರ್ ವಾಲಿದರೆ ದ್ರವ ಎಲ್ಲೋ ಮೂಲೆಯಲ್ಲಿ ನಿಂತುಬಿಡುತ್ತದೆ, ಬುಡ ಬಣಗುಟ್ಟಿ ಕಾಯುತ್ತದೆ. ಉಕ್ಕು ತುಕ್ಕು ಹಿಡಿಯದಿರಲೆಂದು ಬೆರೆಸಿದ ಸೋಡಿಯಂ ಕ್ರೋಮೇಟ್ ಆಗ ಹರಳುಗಟ್ಟಿ ಕೊಳವೆಯನ್ನು ಕಟ್ಟಿಹಾಕುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಅನೇಕ ಮಾದರಿಗಳು ಪಕ್ಕಕ್ಕೆ ಸುಮಾರು 3 ಡಿಗ್ರಿ, ಹಿಂದುಮುಂದಕ್ಕೆ 6 ಡಿಗ್ರಿ ವಾಲುವುದನ್ನಷ್ಟೇ ಸಹಿಸುತ್ತವೆ.

ಈ ವಿಚಿತ್ರವನ್ನು 1922ರಲ್ಲಿ ಕಂಡುಹಿಡಿದವರು ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ಕರೆಂಟಿಲ್ಲದ ಕಡೆ ಲಸಿಕೆ ಕಾಪಾಡಿದ ಸೀಮೆಎಣ್ಣೆ ಫ್ರಿಜ್ಜುಗಳದ್ದೂ ಇದೇ ವಂಶ. ಎಷ್ಟೋ ಹೋಟೆಲ್ ಕೋಣೆಗಳಲ್ಲಿ ಸದ್ದಿಲ್ಲದೆ ನಿಂತು ನಮ್ಮನ್ನು ಮಲಗಗೊಡುವ ಮಿನಿಬಾರ್‌ಗಳದ್ದೂ ಇದೇ.

ಮೆಕ್ಯಾನಿಕ್ ಈಗ ಹೊರಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾನೆ: ಕೊನೆಯ ಸಲ ಸರಿಯಾಗಿ ತಣ್ಣಗಿದ್ದದ್ದು ಎಲ್ಲಿ? ಫೀನಿಕ್ಸಿನಲ್ಲಿ ಗೆಳತಿಯ ಮನೆ ಮುಂದೆ, ಕರೆಂಟಿಗೆ ಸಿಕ್ಕಿಸಿದ್ದಾಗ, ಎನ್ನುತ್ತಾಳೆ ಅವಳು. ಅದು ಇಲ್ಲಿಂದ ಸುಮಾರು 200 ಕಿ.ಮೀ. ಅವನ ಹುಬ್ಬು ಸಡಿಲವಾಗುತ್ತದೆ. ಕರೆಂಟಿನ ಮೇಲೆ ತಣ್ಣಗಾದ ಪೆಟ್ಟಿಗೆ ಗ್ಯಾಸಿನ ಮೇಲೆ ಆಗುವುದಿಲ್ಲವೆಂದರೆ ಕೊಳವೆಗಳು ಸರಿಯಾಗಿವೆ, ರೋಗ ಬರ್ನರಿನಲ್ಲಿದೆ. ತಿರುಗುಮುರುಗಾಗಿದ್ದರೆ ಅವನು ಮೀಟರ್ ಹಿಡಿದು, ಕರೆಂಟಿನಲ್ಲಿ ಜ್ವಾಲೆಯ ಬದಲು ಬುಡವನ್ನು ಕಾಯಿಸುವ ಹೀಟರಿನ ರೋಧ ಅಳೆಯುತ್ತಿದ್ದ. 120 ವೋಲ್ಟಿನ 325 ವ್ಯಾಟ್ ಹೀಟರ್ ಆದರೆ 44 ಓಮ್ ಆಸುಪಾಸು ಇರಬೇಕು.

ಹೊರಗೋಡೆಯ ಜಾಲರಿ ಬಾಗಿಲು ಕಳಚಿದೊಡನೆ ಧೂಳಿನ, ಸುಟ್ಟ ಕಬ್ಬಿಣದ ವಾಸನೆ. ಬಗ್ಗಿ ನೋಡಿ: ತಗಡಿನ ಮರೆಯೊಳಗೆ ಜ್ವಾಲೆಯೇನೋ ಇದೆ, ಆದರೆ ಹಳದಿ, ಸೋಮಾರಿ, ಅತ್ತಿತ್ತ ಓಲಾಡುವ ಜ್ವಾಲೆ. ಬರ್ನರಿನ ಮೇಲೆ ಚಿಮಣಿಯಿಂದ ಉದುರಿದ ತುಕ್ಕಿನ ಚೂರುಗಳ ಗುಡ್ಡೆ. ಗಾಳಿ ಸೇರುವ ಕಿಂಡಿಯಲ್ಲಿ ಜೇಡದ ಬಿಳಿ ನೂಲು. ಜೇಡಗಳಿಗೆ ಇಂಧನದ ವಾಸನೆಯ ಮೇಲೆ ಅದೇನು ಮೋಹವೋ. 2011ರಲ್ಲಿ ಮಜ್ಡಾ ಕಂಪನಿ, ಪೆಟ್ರೋಲ್ ಆವಿಯ ಕೊಳವೆಯಲ್ಲಿ ಜೇಡ ಗೂಡು ಕಟ್ಟುತ್ತದೆಂದು ಸಾವಿರಾರು ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು.

ಇನ್ನು ಕೆಲಸಕ್ಕೆ ಒಂದು ಲಯ ಬರುತ್ತದೆ. ಗ್ಯಾಸ್ ಬಂದ್, ಬರ್ನರ್ ತಣಿಯುವವರೆಗೆ ಒಂದು ಕಾಫಿ. ಮೇಲೆ ಹತ್ತಿ ಚಿಮಣಿಯೊಳಗೆ ತಂತಿಗೆ ತೂಗುಬಿದ್ದ ತಿರುಚಿದ ಪಟ್ಟಿಯನ್ನು ಎಳೆದು ತೆಗೆಯುತ್ತಾನೆ. ಅದಿಲ್ಲದಿದ್ದರೆ ಬಿಸಿ ನಿಲ್ಲದೆ ನೇರ ಆಕಾಶ ಸೇರುತ್ತದೆ. ಉದ್ದ ಬ್ರಷ್ಷು ಸರಕ್ ಸರಕ್ ಎಂದು ಇಳಿದೇರಿ ಕೆಂಪು ಧೂಳು ಸುರಿಯುತ್ತದೆ. ಗ್ಯಾಸ್ ಚಿಮ್ಮುವ ಪುಟ್ಟ ತೂತಿನ ಮಣಿಗೆ ಮಾತ್ರ ಸೂಜಿ ತೋರಿಸುವುದಿಲ್ಲ, ಸ್ಪಿರಿಟ್ಟಿನಲ್ಲಿ ನೆನೆಹಾಕಿ ಗಾಳಿಗೆ ಒಣಗಿಸುತ್ತಾನೆ. ತೂತು ಕೂದಲಷ್ಟು ದೊಡ್ಡದಾದರೂ ಜ್ವಾಲೆಯ ಅಳತೆ ಕೆಡುತ್ತದೆ. ಚಾವಣಿಯ ಕಿಂಡಿಯಲ್ಲಿ ಹಕ್ಕಿ ತುರುಕಿದ ಒಣಹುಲ್ಲೂ ಹೊರಬರುತ್ತದೆ. ಬಿಸಿಗಾಳಿಗೆ ಹೊರದಾರಿ ಇಲ್ಲದಿದ್ದರೆ ಒಳಗೆ ತಣ್ಣಗಾಗುವ ಮಾತೆಲ್ಲಿ?

ಟಿಕ್, ಟಿಕ್, ಟಿಕ್. ಕಿಡಿ. ಆಮೇಲೆ ಸಣ್ಣಗೆ ಭೋರ್ಗರೆವ, ನೆಟ್ಟಗೆ ನಿಂತ ನೀಲಿ ಜ್ವಾಲೆ. ಎಲ್ಲ ಕೀಲುಗಳಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುವುದಿಲ್ಲವೆಂದು ನೋಡಿಕೊಂಡ ಮೇಲೆಯೇ ಅವನು ಕೈ ಒರೆಸಿಕೊಳ್ಳುವುದು. ಫ್ರಿಜ್ಜನ್ನೇ ಬಿಚ್ಚಿ ತಲೆಕೆಳಗು ಮಾಡಿದರೆ ಸರಿಹೋಗುತ್ತದಂತಲ್ಲ, ಎಂದು ಪಕ್ಕದ ಟ್ರೈಲರಿನವ ಕೇಳಿದಾಗ ನಗುತ್ತಾನೆ. ಕೊಳವೆ ಕಟ್ಟಿಕೊಂಡಾಗ ಹಳಬರು ಮಾಡುತ್ತಿದ್ದ ಕೊನೆಯ ಪ್ರಯತ್ನವದು. ಗೂಡು ತೆಗೆಯುವ ಮುನ್ನವೇ ಯಂತ್ರವನ್ನು ಸತ್ತಿತೆಂದು ಬರೆದುಹಾಕುವವರೇ ಹೆಚ್ಚು ಎಂಬುದು ಅವನ ದೂರು, ಮತ್ತು ನನಗೂ ಅದು ನಿಜವೆನಿಸಿತು.

ಮನೆಯೊಡತಿಗೆ ಅವಸರ, ಪೆಟ್ಟಿಗೆಗಿಲ್ಲ. ಒಳಗೆ ಆಹಾರಕ್ಕೆ ಸುರಕ್ಷಿತವಾದ 4 ಡಿಗ್ರಿ ಸೆಲ್ಸಿಯಸ್ ಮುಟ್ಟಲು ಗಂಟೆಗಟ್ಟಲೆ ಬೇಕು, ಕೆಲವೊಮ್ಮೆ ಇಡೀ ರಾತ್ರಿ. ಲೋಟದ ನೀರಿನಲ್ಲಿ ಥರ್ಮಾಮೀಟರ್ ಅದ್ದಿಟ್ಟು, ಬೆಳಗಿನವರೆಗೆ ಬಾಗಿಲು ತೆರೆಯಬೇಡಿ ಎಂದು ಹೇಳಿ ಅವನು ವ್ಯಾನು ಹತ್ತುತ್ತಾನೆ.

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದವರು ಬಾಡಿಗೆ ಟ್ರೈಲರಿನಲ್ಲಿ ಗ್ರ್ಯಾಂಡ್ ಕ್ಯಾನಿಯನ್ನಿಗೆ ಹೊರಡುವುದಿದ್ದರೆ, ಫ್ರಿಜ್ಜು ಗ್ಯಾಸಿನದ್ದೇ ಎಂದು ಮೊದಲೇ ಕೇಳಿಕೊಳ್ಳಿ. ಹೌದಾದರೆ ಹಿಂದಿನ ದಿನವೇ ಹಚ್ಚಿಸಿ, ನಿಲ್ಲಿಸಿದ ಕಡೆ ನೆಲಮಟ್ಟ ನೋಡಿ, ಮೊಸರು ಆಮೇಲಿಡಿ. ಹಿಂಬದಿಯಲ್ಲಿ ಹಳದಿ ಪುಡಿ ಕಂಡರೆ ಅಥವಾ ಮೂಗಿಗೆ ಅಮೋನಿಯಾದ ಘಾಟು ಬಡಿದರೆ ಮಾತ್ರ ರಿಪೇರಿಯ ಯೋಚನೆ ಬೇಡ. ಗ್ಯಾಸ್, ಕರೆಂಟು ಎರಡನ್ನೂ ಆರಿಸಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದುಬಿಡಿ.