ಗಂಟಿನೊಳಗಿನ ಗಲಾಟೆ

ಬೆಳಿಗ್ಗೆ ಎದ್ದು ಒಂದು ಗಂಟೆ ಕಳೆದರೂ ಬೆರಳು ಮಡಚಲಿಕ್ಕೆ ಆಗದೆ ಕಷ್ಟಪಡುವವರನ್ನು ನೀವು ನೋಡಿರಬಹುದು. ಎರಡೂ ಕೈಯ ಗಂಟುಗಳು ಊದಿರುತ್ತವೆ. "ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ" ಅಂತ ಮನೆಯವರು ಸುಮ್ಮನಾಗುತ್ತಾರೆ. ಆದರೆ ಇದು ಸವೆತದ ನೋವಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ಇದು 30–40 ವಯಸ್ಸಿನವರಿಗೂ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಕೀಲಿನ ಸುತ್ತಲೂ ಒಂದು ಚೀಲವಿದೆ. ಅದರ ಒಳಮೈಯ ಪೊರೆಯೇ ಸೈನೋವಿಯಂ. ಈ ಪೊರೆಯ ಮೇಲ್ಪದರ ಒಂದರಿಂದ ಮೂರು ಜೀವಕೋಶಗಳಷ್ಟೇ ದಪ್ಪ. ಅಲ್ಲಿ ಮ್ಯಾಕ್ರೊಫೇಜ್ ಕೋಶಗಳು ಕಸ ತಿಂದು ಚೊಕ್ಕ ಮಾಡುತ್ತವೆ. ಫೈಬ್ರೊಬ್ಲಾಸ್ಟ್ ಕೋಶಗಳು ಕೀಲು ಸಲೀಸಾಗಿ ಜಾರುವಂತೆ ಮಾಡುವ ಲೋಳೆಯ ವಸ್ತುವನ್ನು ತಯಾರಿಸುತ್ತವೆ.

ಈ ರೋಗದಲ್ಲಿ ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ತಪ್ಪು ಮಾಡುತ್ತವೆ. ಟಿ ಕೋಶಗಳು ನಮ್ಮದನ್ನೇ ಪರಕೀಯ ಎಂದು ತಿಳಿಯುತ್ತವೆ, ಬಿ ಕೋಶಗಳು ನಮ್ಮದೇ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತವೆ. ನೋವು ಶುರುವಾಗುವ ಕೆಲವು ವರ್ಷ ಮೊದಲೇ ಈ ಪ್ರತಿಕಾಯಗಳು ರಕ್ತದಲ್ಲಿ ಕಾಣುವುದುಂಟು. ಇತ್ತ ಮ್ಯಾಕ್ರೊಫೇಜ್‌ಗಳು ಟಿಎನ್‌ಎಫ್ ಎಂಬ ಸಂದೇಶವಾಹಕ ಪ್ರೋಟೀನನ್ನು ಸುರಿಸಿ ಉರಿಯೂತ ಹೆಚ್ಚಿಸುತ್ತವೆ.

ನನಗೆ ಸೋಜಿಗವೆನಿಸುವುದು ಫೈಬ್ರೊಬ್ಲಾಸ್ಟ್‌ಗಳ ಕಥೆ. ಲೋಳೆ ತಯಾರಿಸುತ್ತಿದ್ದ ಈ ಸಾಧು ಕೋಶಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಮೂಳೆಯ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಯ ಮೇಲೆ ಹಬ್ಬಿ, ಕಿಣ್ವ ಸುರಿಸಿ ಅದನ್ನು ಕರಗಿಸುತ್ತವೆ. ಬಿಳಿ ಕಣಗಳು ಪ್ರಚೋದಿಸುವುದರಿಂದ ಮಾತ್ರ ಹೀಗಾಗುತ್ತದೆಯೇ? ತಿಳಿಯಲಿಕ್ಕೆ ವಿಜ್ಞಾನಿಗಳು ರೋಗಿಗಳ ಈ ಕೋಶಗಳನ್ನು ಮೃದ್ವಸ್ಥಿಯ ಚೂರಿನ ಜೊತೆ ಟಿ, ಬಿ ಕೋಶಗಳೇ ಇಲ್ಲದ ಇಲಿಗಳ ದೇಹದಲ್ಲಿ ಇಟ್ಟು ನೋಡಿದರು. ಅಲ್ಲೂ ಅವು ಮೃದ್ವಸ್ಥಿಯನ್ನು ಕೊರೆದವು! ಪ್ರಚೋದಿಸುವವರು ಇಲ್ಲದಿದ್ದರೂ ಕೆಟ್ಟ ಚಾಳಿ ಬಿಟ್ಟಿರಲಿಲ್ಲ.

ಇನ್ನು ಮೂಳೆ. ಆಸ್ಟಿಯೋಕ್ಲಾಸ್ಟ್ ಕೋಶಗಳು ಹಳೆ ಮೂಳೆಯನ್ನು ಕರಗಿಸುವುದು, ಆಸ್ಟಿಯೋಬ್ಲಾಸ್ಟ್‌ಗಳು ಹೊಸದನ್ನು ಕಟ್ಟುವುದು ನಮ್ಮೆಲ್ಲರಲ್ಲೂ ದಿನವೂ ನಡೆಯುವ ಕೆಲಸ. ಈ ರೋಗದಲ್ಲಿ ಕರಗಿಸುವವರ ಕೈ ಮೇಲಾಗುತ್ತದೆ. ಹಾಗೆ ಸವೆದ ಮೂಳೆ ಮೊದಲಿನಂತೆ ಆಗುವುದು ಅಪರೂಪ. ಬೆರಳು ಸೊಟ್ಟಗಾಗುವ ಮೊದಲೇ ಡಾಕ್ಟರ ಹತ್ತಿರ ಹೋಗಬೇಕು ಅನ್ನುವುದು ಇದಕ್ಕೇ.

1992ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಅವರು ಟಿಎನ್‌ಎಫ್‌ಅನ್ನು ತಡೆಯುವ ಮದ್ದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಊತ, ನೋವು ಬೇಗ ಇಳಿಯಿತು. ಆದರೆ ದೇಹದಲ್ಲಿ ಅಡಗಿರುವ ಕ್ಷಯದ ಬ್ಯಾಕ್ಟೀರಿಯಾಗಳನ್ನು ಕಟ್ಟಿಹಾಕಲಿಕ್ಕೂ ಇದೇ ಟಿಎನ್‌ಎಫ್ ಬೇಕು. ಹಾಗಾಗಿ ಈ ಮದ್ದು ಶುರುಮಾಡುವ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ.